ಸಿಂಗಾಪುರಕ್ಕೆ ಹೋದರೆ ಕೈಚೀಲ ಒಯ್ಯಿರಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಹೊರದೇಶಕ್ಕೆ ಹೋಗಿ ಬರುವುದು ದೊಡ್ಡ ಸುದ್ದಿಯಲ್ಲ. ಮಗ ಅಲ್ಲಿ ಕೆಲಸಕ್ಕಿದ್ದಾನೆ, ಅಳಿಯ ಕರೆಸಿಕೊಂಡಿದ್ದಾನೆ, ಇಲ್ಲವೇ ನಾಲ್ಕು ಮನೆಯವರು ಸೇರಿ ಪ್ಯಾಕೇಜ್ ಟೂರ್ ಮಾಡುತ್ತಾರೆ. ಸಿಂಗಾಪುರವಂತೂ ಹತ್ತಿರದ ಊರು. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಧಾರವಾಡದಿಂದ ಬೆಂಗಳೂರಿಗೆ ವಂದೇ ಭಾರತ್ ರೈಲಿನಲ್ಲಿ ಹೋಗುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹೋಗಿ ಬಂದವರ ಫೋನಿನಲ್ಲಿ ಮಾತ್ರ ಎಲ್ಲರದ್ದೂ ಒಂದೇ ಫೋಟೋ. ಬಾಯಿಂದ ನೀರು ಉಗುಳುವ ಸಿಂಹದ ತಲೆ, ಮೀನಿನ ಮೈಯ ಮೆರ್ಲಯನ್ ಮೂರ್ತಿ, ಮೂರು ಕಟ್ಟಡದ ಮೇಲೆ ಹಡಗು ಕೂರಿಸಿದಂತಿರುವ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್, ಸೆಂಟೋಸಾ ದ್ವೀಪ. ಅವನ್ನು ನೋಡಬೇಡಿ ಅನ್ನುತ್ತಿಲ್ಲ. ಆದರೆ ಅಲ್ಲಿ ನಿಮ್ಮ ಅಕ್ಕಪಕ್ಕ ನಿಂತು ಸೆಲ್ಫಿ ತೆಗೆಯುವವರಲ್ಲಿ ಮುಕ್ಕಾಲು ಜನ ನಿಮ್ಮಂತೆಯೇ ಬೇರೆ ಊರಿಂದ ಬಂದವರು. ಊರಿನವರು ಬೇರೆಲ್ಲೋ ಇರುತ್ತಾರೆ.

ಅವರನ್ನು ಕಾಣಬೇಕಾದರೆ ನನ್ನ ಸಲಹೆ ಒಂದೇ. ನೋಡುವುದಕ್ಕೆ ಅಂತ ಹೋಗಬೇಡಿ, ಏನಾದರೂ ಕೆಲಸ ಇಟ್ಟುಕೊಂಡು ಹೋಗಿ. ಬಾಳೆಹಣ್ಣು ತರುವುದು, ಕಟಿಂಗ್ ಮಾಡಿಸುವುದು, ಕಿತ್ತ ಚಪ್ಪಲಿ ಹೊಲಿಸುವುದು, ಪೇಪರ್ ಓದುವುದು. ಕೊರಳಲ್ಲಿ ಕ್ಯಾಮೆರಾ ಇದ್ದವರನ್ನು ಯಾವ ಊರಿನವರೂ ದಾರಿ ಬಿಟ್ಟು ಸಾಗಹಾಕುತ್ತಾರೆ. ಕೈಯಲ್ಲಿ ಚೀಲ ಇದ್ದವರನ್ನು ‘ಏನು ಬೇಕು’ ಅಂತ ಕೇಳುತ್ತಾರೆ. ಅದಕ್ಕೇ ಬ್ಯಾಗಿನಲ್ಲಿ ಒಂದು ಬಟ್ಟೆ ಕೈಚೀಲ ಇರಲಿ.

ಹೊರಡುವ ಮೊದಲು: ಗಂಟೆಯ ಪಟ್ಟಿ

ಒಂದು ಹಾಳೆ ತಗೊಳ್ಳಿ. ಸಿಂಗಾಪುರದ ಬಗ್ಗೆ ಏನೂ ಬರೆಯಬೇಡಿ. ನಮ್ಮ ಊರು ಯಾವ ಹೊತ್ತಿಗೆ ಎಲ್ಲಿರುತ್ತದೆ ಅಂತ ಬರೆಯಿರಿ.

ಬೆಳಿಗ್ಗೆ ಆರಕ್ಕೆ ಧಾರವಾಡ ಕೆಸಿಡಿ ಮೈದಾನದಲ್ಲಿ ನಡೆಯುತ್ತಿರುತ್ತದೆ, ಹುಬ್ಬಳ್ಳಿ ಉಣಕಲ್ ಕೆರೆಯ ದಂಡೆಯಲ್ಲಿರುತ್ತದೆ. ಹತ್ತಕ್ಕೆ ಚಿಗರಿ ಬಸ್ಸಿನಲ್ಲಿ ನಿಂತಿರುತ್ತದೆ. ಮಧ್ಯಾಹ್ನ ಖಾನಾವಳಿಯಲ್ಲಿ. ಮೂರರ ಬಿಸಿಲಿನಲ್ಲಿ ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ಹುಡುಗರು ಕೆಪಿಎಸ್‌ಸಿ ಪುಸ್ತಕ ಹಿಡಿದು ಕೂತಿರುತ್ತಾರೆ. ಸಂಜೆ ಏಳಕ್ಕೆ ದುರ್ಗದಬೈಲಿನಲ್ಲಿ ಗಿರಮಿಟ್ಟು, ಮಿರ್ಚಿ. ಗದಗಿನವರು, ಹಾವೇರಿಯವರು ತಮ್ಮ ಊರಿನದ್ದು ಬರೆದುಕೊಳ್ಳಿ. ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನೋಡದೆ ಹಾವೇರಿ ಜಿಲ್ಲೆ ನೋಡಿದೆ ಅಂದರೆ ಯಾರು ನಂಬುತ್ತಾರೆ?

ಈಗ ಪಕ್ಕದಲ್ಲಿ ಇನ್ನೊಂದು ಸಾಲು ಎಳೆಯಿರಿ. ಅದೇ ಹೊತ್ತಿಗೆ ಸಿಂಗಾಪುರದ ಜನ ಎಲ್ಲಿರುತ್ತಾರೆ? ಬೆಳಗಿನ ಸಂತೆಗೆ ವೆಟ್ ಮಾರ್ಕೆಟ್, ಮಧ್ಯಾಹ್ನದ ಊಟಕ್ಕೆ ಹಾಕರ್ ಸೆಂಟರ್, ಮೂರಕ್ಕೆ ಲೈಬ್ರರಿ, ಸಂಜೆಗೆ ವಸತಿ ಕಟ್ಟಡದ ಕೆಳಗಿನ ಕಟ್ಟೆ, ಭಾನುವಾರ ಬೇರೆಯದ್ದೇ ಲೋಕ. ನಿಮ್ಮ ಪ್ರವಾಸದ ಪಟ್ಟಿ ಇದೇ. ಮುಂದೆ ಒಂದೊಂದನ್ನೇ ಹೇಳುತ್ತೇನೆ.

ಹೊತ್ತಿನ ಬಗ್ಗೆ ಒಂದು ಮಾತು. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಆದರೆ ಅಲ್ಲಿ ಸೂರ್ಯ ಹುಟ್ಟುವುದು ವರ್ಷಪೂರ್ತಿ ಏಳರ ಆಸುಪಾಸಿಗೆ, ಮುಳುಗುವುದೂ ಸಂಜೆ ಏಳರ ಆಸುಪಾಸಿಗೆ. ಭೂಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ಹಗಲು ಹೆಚ್ಚು ಕಡಿಮೆ ಆಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಎದ್ದು ಕಿಟಕಿ ತೆರೆದರೆ ಇನ್ನೂ ಕತ್ತಲು. ಗಾಬರಿಯಾಗಬೇಡಿ, ಮಾರ್ಕೆಟ್ ಆಗಲೇ ತೆರೆದಿರುತ್ತದೆ.

ಕಾಗದಪತ್ರ ಮತ್ತು ಬೇಡದ ಸಾಮಾನು

ಇದನ್ನು ಬೇಗ ಮುಗಿಸೋಣ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು. ವಿಮಾನ ಇಳಿಯುವ ಮೊದಲು, ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ, ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರದ ಜಾಲತಾಣದಲ್ಲಿ ಅದು ಪುಕ್ಕಟೆ. ದುಡ್ಡು ಕೇಳಿದರೆ ನೀವು ಬೇರೆ ಯಾವುದೋ ಅಂಗಡಿಗೆ ಹೋಗಿದ್ದೀರಿ ಅಂತ ತಿಳಿಯಿರಿ.

ಬ್ಯಾಗ್ ತುಂಬುವಾಗ ಮನೆಯ ಹಿರಿಯರಿಗೆ ಎರಡು ವಿಷಯ ಒತ್ತಿ ಹೇಳಿ. ಮೊದಲನೆಯದು ಗಸಗಸೆ. ಮೊಮ್ಮಗನಿಗೆ ಪಾಯಸ ಮಾಡಿಕೊಡುತ್ತೇನೆ ಅಂತ ಅಜ್ಜಿ ಒಂದು ಪುಡಿಕೆ ಕಟ್ಟಿಕೊಂಡಿರುತ್ತಾರೆ. ಸಿಂಗಾಪುರದಲ್ಲಿ ಅದು ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ಗಸಗಸೆ ಹಾಕಿ ಕುಟ್ಟಿದ ಮಸಾಲೆ ಪುಡಿಯೂ ಬೇಡ. ಎರಡನೆಯದು ಗುಟ್ಕಾ, ಖೈನಿ, ಜರ್ದಾ. ಅಗಿಯುವ ತಂಬಾಕು ಅಲ್ಲಿ ನಿಷೇಧ. ‘ಒಂದೇ ಚೀಟಿ ಐತ್ರೀ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಚ್ಯೂಯಿಂಗ್ ಗಮ್ ತರುವುದನ್ನು 1992ರಲ್ಲೇ ನಿಲ್ಲಿಸಿದ್ದಾರೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಪೇಢೆ ಒಯ್ಯಬಹುದು.

ಉಳಿಯುವುದು ಎಲ್ಲಿ?

ಸಂಬಂಧಿಕರ ಮನೆ ಇದ್ದರೆ ಬೇರೆ ಮಾತೇ ಇಲ್ಲ. ಇಲ್ಲದಿದ್ದರೆ ಸ್ಥಳೀಯರ ಫ್ಲ್ಯಾಟಿನಲ್ಲೇ ನಾಲ್ಕು ದಿನ ಬಾಡಿಗೆಗೆ ಇರೋಣ ಅನ್ನಿಸುತ್ತದೆ. ಇದನ್ನು ಮಾಡಬೇಡಿ. ಸರ್ಕಾರಿ ಫ್ಲ್ಯಾಟುಗಳನ್ನು ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ, ಖಾಸಗಿಯವನ್ನು ಮೂರು ತಿಂಗಳಿಗಿಂತ ಕಡಿಮೆ ಕೊಡುವಂತಿಲ್ಲ. ಲೈಸೆನ್ಸ್ ಇರುವ ಹೋಟೆಲಿನಲ್ಲೇ ಇರಿ. ಆದರೆ ಮರೀನಾ ಬೇ, ಆರ್ಚರ್ಡ್ ರೋಡ್ ಬಿಟ್ಟು, ಜನ ಮನೆ ಮಾಡಿಕೊಂಡಿರುವ ಬಡಾವಣೆಯ ಪಕ್ಕ ಒಂದನ್ನು ಹುಡುಕಿ. ಬಾಡಿಗೆಯೂ ಕಡಿಮೆ ಬೀಳಬಹುದು.

ಒಂದೇ ಬಡಾವಣೆ ಆರಿಸಿಕೊಳ್ಳಿ

ನಾಲ್ಕು ದಿನದಲ್ಲಿ ಎಂಟು ಕಡೆ ಹೋಗುವ ಆಸೆ ಬಿಡಿ. ಒಂದು ಬಡಾವಣೆ ಹಿಡಿದು ದಿನಾ ಅಲ್ಲಿಗೇ ಹೋಗಿ. ಮೊದಲ ದಿನ ನೀವು ಗಿರಾಕಿ. ಮೂರನೇ ದಿನ ಅದೇ ಹೊತ್ತಿಗೆ ಅದೇ ಅಂಗಡಿಗೆ ಹೋದರೆ ನಿಮ್ಮ ಚಹಾ ಹೇಗೆ ಅಂತ ಅವರಿಗೇ ಗೊತ್ತಿರುತ್ತದೆ.

ನಾನಾದರೆ ಟೋವಾ ಪಾಯೊ ಅನ್ನುತ್ತೇನೆ. ಸಿಂಗಾಪುರದಲ್ಲಿ ಹತ್ತರಲ್ಲಿ ಎಂಟು ಜನ ಇರುವುದು ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿ. ಕಟ್ಟಿಸುವ ಮಂಡಳಿಯ ಹೆಸರು ಎಚ್‌ಡಿಬಿ, ಶುರುವಾದದ್ದು 1960ರಲ್ಲಿ. ಟೋವಾ ಪಾಯೊ ಅದು ಕಟ್ಟಿದ ಹಳೆಯ ಪಟ್ಟಣಗಳಲ್ಲೊಂದು. 1987ರಲ್ಲಿ ಮೊದಲ ಮೆಟ್ರೋ ರೈಲು ಓಡಿದ್ದೂ ಯೊ ಚು ಕಾಂಗ್‌ನಿಂದ ಇಲ್ಲಿಯವರೆಗೆ. ಸ್ಟೇಷನ್ನಿನಿಂದ ಮೇಲೆ ಬಂದರೆ ಅಂಗಡಿ ಸಾಲು, ಲೈಬ್ರರಿ, ಬಸ್ ನಿಲ್ದಾಣ ಎಲ್ಲ ಒಂದೇ ಕಡೆ. ಸ್ವಲ್ಪ ನಡೆದರೆ 1979ರ ಹಳೆಯ ಡ್ರ್ಯಾಗನ್ ಆಟದ ಬಯಲು. ಆ ಡ್ರ್ಯಾಗನ್ ಮೈಮೇಲೆ ಹತ್ತಿ ಇಳಿದವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ನಮ್ಮ ಹಳೆಯ ಊರುಗಳಲ್ಲಿ ಓಣಿಯ ಹೆಸರು ಕೇಳಿದರೆ ಅಲ್ಲಿ ಯಾವ ಸಮಾಜದವರು ಇದ್ದಾರೆ ಅಂತ ಹೇಳಬಹುದು, ಅಲ್ವಾ? ಅಲ್ಲಿ ಹಾಗಾಗಬಾರದು ಅಂತಲೇ 1989ರಲ್ಲಿ ನಿಯಮ ಮಾಡಿದ್ದಾರೆ. ಒಂದೊಂದು ಕಟ್ಟಡದಲ್ಲೂ ಚೀನೀಯರು, ಮಲಯರು, ಭಾರತೀಯರು ಇಷ್ಟಿಷ್ಟೇ ಪಾಲು ಮೀರಬಾರದು. ಅದಕ್ಕೇ ಯಾವ ಬಡಾವಣೆಗೆ ಹೋದರೂ ಲಿಫ್ಟಿನ ಮುಂದೆ ಮೂರು ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಇದು ಒಳ್ಳೆಯದೋ, ಮನೆ ಮಾರುವವರಿಗೆ ತೊಂದರೆಯೋ ಅನ್ನುವ ವಾದ ಅಲ್ಲೇ ನಡೆಯುತ್ತಿರುತ್ತದೆ. ಯಾರಾದರೂ ಮಾತಿಗೆ ಸಿಕ್ಕರೆ ಕೇಳಿ ನೋಡಿ. ಮೆರ್ಲಯನ್ ಬಗ್ಗೆ ಕೇಳುವುದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತದೆ.

ಬೆಳಿಗ್ಗೆ: ಚೀಲ ಹಿಡಿದು ಮಾರ್ಕೆಟ್

ವೆಟ್ ಮಾರ್ಕೆಟ್ ಅಂದರೆ ತರಕಾರಿ, ಹಣ್ಣು, ಮೀನು, ಮಾಂಸ ಎಲ್ಲ ಒಂದೇ ಸೂರಿನಡಿ ಮಾರುವ ಜಾಗ. ನೆಲ ಸದಾ ತೊಳೆಯುತ್ತಿರುವುದರಿಂದ ಒದ್ದೆ. ಜಾರದ ಚಪ್ಪಲಿ ಹಾಕಿ. ಶುದ್ಧ ಸಸ್ಯಾಹಾರಿಗಳು ಮೀನಿನ ಸಾಲು ಬಿಟ್ಟು ತರಕಾರಿ ಕಡೆಯ ಬಾಗಿಲಿನಿಂದ ಒಳಗೆ ಹೋಗಿ.

ಏಳರಿಂದ ಒಂಬತ್ತರೊಳಗೆ ಹೋಗಬೇಕು. ಹನ್ನೊಂದರ ಮೇಲೆ ಹೋದರೆ ಅರ್ಧ ಅಂಗಡಿ ಎತ್ತಿರುತ್ತಾರೆ. ಸೋಮವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಕೈಯಲ್ಲಿ ಚಿಲ್ಲರೆ ನೋಟು ಇರಲಿ, ವಯಸ್ಸಾದ ವ್ಯಾಪಾರಿಗಳಿಗೆ ನಗದೇ ಇಷ್ಟ.

ಏನು ಕೊಳ್ಳುವುದು? ಅಡುಗೆ ಮಾಡದಿದ್ದರೂ ಹಣ್ಣು ಕೊಳ್ಳಬಹುದು. ನಿಮಗೆ ಗೊತ್ತಿಲ್ಲದ ಒಂದು ಹಣ್ಣು ತೋರಿಸಿ, ‘ಆಂಟಿ, ಹೇಗೆ ತಿನ್ನುವುದು?’ ಅಂತ ಸರಳ ಇಂಗ್ಲಿಷಿನಲ್ಲಿ ಕೇಳಿ. ಸಿಪ್ಪೆ ಬಿಡಿಸಿ ತೋರಿಸುತ್ತಾರೆ. ಅಂಗಡಿಯವರನ್ನು ಅಂಕಲ್, ಆಂಟಿ ಅಂತಲೇ ಕರೆಯುವ ಊರು ಅದು. ಕಾಕಾ, ಮಾವಶಿ ಅಂದು ರೂಢಿ ಇರುವ ನಮ್ಮವರಿಗೆ ಇದು ಕಷ್ಟವಲ್ಲ. ಚೌಕಾಸಿ ಮಾತ್ರ ನಮ್ಮ ಜನತಾ ಬಜಾರಿನಷ್ಟು ಬೇಡ. ‘ಹೆಂಗದಾವ್ರಿ ಬದನಿಕಾಯಿ’ ಅಂತ ಶುರು ಮಾಡಿ ಅರ್ಧ ಬೆಲೆಗೆ ಕೇಳುವ ಪದ್ಧತಿ ಅಲ್ಲಿಲ್ಲ. ಸುಮ್ನೆ ಹಣ್ಣನ್ನೆಲ್ಲ ಒತ್ತಿ ನೋಡಿದರೆ ಬೈಸಿಕೊಳ್ಳುತ್ತೀರಿ.

ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್ ಒಂದು ಸಲ ನೋಡುವಂಥದ್ದು. ಕರಿಬೇವು, ನುಗ್ಗೆ, ಬಾಳೆ ಹೂವು ಎಲ್ಲ ಸಿಗುತ್ತದೆ. ಚೀನೀ ವ್ಯಾಪಾರಿ ತಮಿಳಿನಲ್ಲಿ ಬೆಲೆ ಹೇಳುವುದೂ ಉಂಟು. ಆದರೆ ನಮ್ಮವರು ಮಾಡುವ ದೊಡ್ಡ ತಪ್ಪು ಅಂದರೆ ಲಿಟಲ್ ಇಂಡಿಯಾದಲ್ಲೇ ರೂಮ್ ಹಿಡಿದು, ಅಲ್ಲೇ ಇಡ್ಲಿ ತಿಂದು, ಅಲ್ಲೇ ಶಾಪಿಂಗ್ ಮಾಡಿ ವಾಪಸ್ ಬರುವುದು. ಅದಕ್ಕೆ ಚೆನ್ನೈಗೆ ಹೋದರೆ ಆಗುತ್ತಿತ್ತು, ವೀಸಾ ಖರ್ಚಾದರೂ ಉಳಿಯುತ್ತಿತ್ತು. ತಿಯೊಂಗ್ ಬಾರು ಮಾರ್ಕೆಟಿಗೂ ಒಂದು ಬೆಳಿಗ್ಗೆ ಇಡಿ. ಸುತ್ತಲಿನ ದುಂಡು ಮೂಲೆಯ ಬಿಳಿ ಕಟ್ಟಡಗಳು ಎಚ್‌ಡಿಬಿಗಿಂತ ಹಳೆಯವು, 1930ರ ದಶಕದವು.

ಚಹಾದಂಗಡಿ: ಇಲ್ಲಿ ಅವಸರ ಬೇಡ

ಈ ಭಾಗಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಯಾಕೆಂದರೆ ಸಿಂಗಾಪುರ ಕಾಣುವುದು ಇಲ್ಲೇ.

ಹಾಕರ್ ಸೆಂಟರ್ ಅಂದರೆ ಸಣ್ಣ ಸಣ್ಣ ತಿಂಡಿ ಅಂಗಡಿಗಳ ದೊಡ್ಡ ಚಪ್ಪರ. ಹಿಂದೆ ಇವರೆಲ್ಲ ಬೀದಿಯಲ್ಲಿ ಗಾಡಿ ಇಟ್ಟು ಮಾರುತ್ತಿದ್ದವರು. 1970, 80ರ ದಶಕದಲ್ಲಿ ಸರ್ಕಾರ ಇವರಿಗೆ ನಲ್ಲಿ, ಚರಂಡಿ ಇರುವ ಕಟ್ಟಡ ಕಟ್ಟಿಸಿ ಒಳಗೆ ಕೂರಿಸಿತು. ದುರ್ಗದಬೈಲಿನ ಗಾಡಿಗಳಿಗೆಲ್ಲ ಒಂದೇ ಸೂರು ಹಾಕಿ, ನಂಬರ್ ಕೊಟ್ಟಂತೆ ಅಂತಿಟ್ಟುಕೊಳ್ಳಿ. ಈಗ ನೂರಕ್ಕೂ ಹೆಚ್ಚು ಸೆಂಟರುಗಳಿವೆ. 2020ರಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂಟು ಬೂಟಿನ ಬ್ಯಾಂಕ್ ಮ್ಯಾನೇಜರ್, ಟ್ಯಾಕ್ಸಿ ಡ್ರೈವರ್, ಯೂನಿಫಾರ್ಮಿನ ಹುಡುಗಿ ಒಂದೇ ಟೇಬಲ್ಲಿಗೆ ಕೂತು ಉಣ್ಣುತ್ತಾರೆ.

ಮೊದಲು ಸೀಟು ಹಿಡಿಯಬೇಕು. ಖಾಲಿ ಟೇಬಲ್ಲಿನ ಮೇಲೆ ಒಂದು ಟಿಶ್ಯೂ ಪೇಪರ್ ಪೊಟ್ಟಣ ಬಿದ್ದಿರುವುದು ಕಾಣುತ್ತದೆ. ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡು ಸರಿಸಿ ಕೂರಬೇಡಿ. ಸೀಟು ಅವರದ್ದು ಅಂತ ಅರ್ಥ. ಬಸ್ಸಿನ ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿದ ಅನುಭವ ಇರುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೀವೂ ಒಂದು ಪೊಟ್ಟಣ ಇಡಿ, ಆಮೇಲೆ ಸಾಲಿನಲ್ಲಿ ನಿಲ್ಲಿ. ಜೊತೆಗೆ ಅದು ಕೈ ಒರೆಸುವುದಕ್ಕೂ ಬೇಕು, ಅಂಗಡಿಯವರು ಕೊಡುವುದಿಲ್ಲ.

ಈಗ ಚಹಾ, ಕಾಫಿ. ಖಡಕ್, ಸಕ್ಕರೆ ಕಮ್ಮಿ, ಅರ್ಧ ಕಪ್ ಅಂತ ನಾವು ಹೇಳುವಂತೆ ಅಲ್ಲಿಯೂ ಹೇಳುವ ಕ್ರಮ ಇದೆ. ಬರೀ ‘ಕೋಪಿ’ ಅಂದರೆ ಗಟ್ಟಿ ಸಿಹಿ ಹಾಲು ಹಾಕಿದ ಕಾಫಿ. ‘ಕೋಪಿ-ಓ’ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ‘ಕೋಪಿ-ಸಿ’ ಅಂದರೆ ಸಿಹಿಯಿಲ್ಲದ ಡಬ್ಬಿ ಹಾಲು, ಬೇರೆ ಸಕ್ಕರೆ. ಹಿಂದೆ ‘ಕೋಸೊಂಗ್’ ಸೇರಿಸಿದರೆ ಸಕ್ಕರೆ ಇಲ್ಲ, ‘ಸಿಯು ದಾಯ್’ ಅಂದರೆ ಸಕ್ಕರೆ ಕಡಿಮೆ, ‘ಪೆಂಗ್’ ಅಂದರೆ ಐಸ್ ಹಾಕಿದ್ದು. ಕೋಪಿ ಜಾಗದಲ್ಲಿ ‘ಟೇ’ ಅಂದರೆ ಚಹಾ. ನಿಮ್ಮ ಅಪ್ಪನಿಗೆ ಶುಗರ್ ಇದ್ದರೆ ‘ಅಂಕಲ್, ಒನ್ ಟೇ-ಸಿ ಕೋಸೊಂಗ್’ ಅನ್ನಿ. ಹಾಲಿನ ಚಹಾ, ಸಕ್ಕರೆ ಇಲ್ಲದೆ ಬರುತ್ತದೆ. ಅಲ್ಲ (ಶುಂಠಿ) ಹಾಕಿದ ಚಹಾ ಬೇಕಾದರೆ ಭಾರತೀಯ ಮುಸ್ಲಿಮರ ಅಂಗಡಿಯಲ್ಲಿ ‘ಟೇ ಹಾಲಿಯಾ’ ಕೇಳಿ. ನಮ್ಮ ಖಡಕ್ ಚಹಾಕ್ಕೆ ಅದೇ ಹತ್ತಿರ.

ಕಾಫಿ ಬೀಜವನ್ನು ಅಲ್ಲಿ ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್ ಹಾಕಿ ಕರ್ರಗೆ ಹುರಿಯುತ್ತಾರೆ. ಉದ್ದ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಮಲೆನಾಡಿನ ಫಿಲ್ಟರ್ ಕಾಫಿ ಕುಡಿದ ನಾಲಿಗೆಗೆ ಮೊದಲ ಗುಟುಕು ಕಹಿಯೂ, ಸುಟ್ಟ ವಾಸನೆಯೂ ಅನ್ನಿಸುತ್ತದೆ. ಎರಡನೇ ದಿನ ಇನ್ನೊಮ್ಮೆ ಕುಡಿದು ಆಮೇಲೆ ತೀರ್ಪು ಕೊಡಿ.

ಊಟಕ್ಕೆ ನಾಲ್ಕರಿಂದ ಆರು ಸಿಂಗಾಪುರ ಡಾಲರ್ ಸಾಕು. ಅಂಗಡಿಯವರು ‘ಹ್ಯಾವಿಂಗ್ ಹಿಯರ್?’ ಅಂತ ಕೇಳುತ್ತಾರೆ. ಪಾರ್ಸೆಲ್ ಬೇಕಾದರೆ ‘ಡಬಾವೊ’ ಅನ್ನಿ. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ತನಕ ಆಫೀಸಿನವರ ನೂಕುನುಗ್ಗಲು. ಆ ಹೊತ್ತಿನಲ್ಲಿ ಸಾಲಿನ ಮುಂದೆ ನಿಂತು ‘ಇದರಲ್ಲಿ ಏನಿದೆ, ಅದರಲ್ಲಿ ಏನಿದೆ’ ಅಂತ ವಿಚಾರಣೆ ಮಾಡಬೇಡಿ. ಮಾತಾಡಬೇಕು ಅಂದರೆ ಮೂರು ಗಂಟೆಗೆ ಹೋಗಿ, ಅಂಗಡಿಯವರೇ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ.

ಉಂಡ ಮೇಲೆ ತಟ್ಟೆ ನೀವೇ ಎತ್ತಬೇಕು. 2021ರ ಸೆಪ್ಟೆಂಬರ್‌ನಿಂದ ಹಾಕರ್ ಸೆಂಟರುಗಳಲ್ಲಿ ಇದು ಕಡ್ಡಾಯ, ಮತ್ತೆ ಮತ್ತೆ ಬಿಟ್ಟು ಹೋದರೆ ದಂಡ. ತಟ್ಟೆ ಇಡುವ ಕಪಾಟು ಎರಡಿರುತ್ತವೆ, ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದವಕ್ಕೆ. ಬೋರ್ಡ್ ನೋಡಿ ಇಡಿ.

ಸಸ್ಯಾಹಾರಿಗಳಿಗೆ

ನಮ್ಮ ಕಡೆಯ ಬಹಳ ಮಂದಿ ಈ ಭಯಕ್ಕೇ ಮೂರು ಹೊತ್ತೂ ಭಾರತೀಯ ಹೋಟೆಲ್ ಹುಡುಕುತ್ತಾರೆ. ಅಷ್ಟು ಭಯ ಬೇಡ. ಹಲವು ಹಾಕರ್ ಸೆಂಟರುಗಳಲ್ಲಿ ಚೀನೀ ಸಸ್ಯಾಹಾರಿ ಅಂಗಡಿ ಇರುತ್ತದೆ, ಬೋರ್ಡಿನಲ್ಲಿ ವೆಜಿಟೇರಿಯನ್ ಅಂತ ಬರೆದಿರುತ್ತದೆ. ಬೌದ್ಧ ಪದ್ಧತಿಯ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ನಿಶ್ಚಿಂತೆಯಿಂದ ಉಣ್ಣಬಹುದು. ಮೊಟ್ಟೆ ಇದೆಯಾ ಅಂತ ಮಾತ್ರ ಕೇಳಿ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಬಹಳ ಚೀನೀಯರು ಮಾಂಸ ಬಿಡುತ್ತಾರೆ, ಆ ದಿನ ಅಲ್ಲಿ ಉದ್ದ ಸಾಲು.

ಒಂದು ಎಚ್ಚರಿಕೆ. ಆ ಅಂಗಡಿಯಲ್ಲಿ ಕೋಳಿ ತುಂಡು, ಮೀನಿನ ತುಂಡು ಇಟ್ಟಂತೆ ಕಾಣುತ್ತದೆ. ಅದು ಸೋಯಾ, ಗೋಧಿಯಿಂದ ಮಾಡಿದ್ದು. ಅತ್ತೆಯವರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ತಟ್ಟೆ ಬಿಟ್ಟು ಎದ್ದೇಳುತ್ತಾರೆ.

ಬೇರೆ ಅಂಗಡಿಯಲ್ಲಿ ‘ನೋ ಮೀಟ್’ ಅಂದರೆ ಸಾಲದು. ಸಾಂಬಾಲ್ ಚಟ್ನಿಗೆ ಒಣ ಸೀಗಡಿ ಹಿಟ್ಟು ಬಿದ್ದಿರುತ್ತದೆ, ರೋಜಾಕ್ ಎಂಬ ಹಣ್ಣಿನ ಸಲಾಡಿಗೂ ಸೀಗಡಿ ಪೇಸ್ಟ್ ಹಾಕುತ್ತಾರೆ, ಸೊಪ್ಪಿನ ಪಲ್ಯಕ್ಕೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ಬೆಳಗಿನ ತಿಂಡಿಗೆ ಹೆಸರಾದ ಕಾಯಾ ಟೋಸ್ಟಿಗೆ ಹಚ್ಚುವ ಕಾಯಾ, ಅಂದರೆ ತೆಂಗಿನಹಾಲಿನ ಜಾಮಿನಲ್ಲಿ, ಮೊಟ್ಟೆ ಇದೆ.

ಮಧ್ಯಾಹ್ನ: ಲೈಬ್ರರಿ, ಕಟಿಂಗ್ ಅಂಗಡಿ

ಎರಡರ ಮೇಲೆ ಸೆಕೆ ಹೆಚ್ಚು, ಮಳೆಯೂ ಹೇಳದೆ ಕೇಳದೆ ಬರುತ್ತದೆ. ಛತ್ರಿ ಇಟ್ಟುಕೊಂಡು ಬಡಾವಣೆಯ ಲೈಬ್ರರಿಗೆ ಹೋಗಿ. ಒಳಗೆ ಹೋಗಿ ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಗೆ ಪುಸ್ತಕ ಒಯ್ಯುವುದಕ್ಕೆ ಮಾತ್ರ ಸದಸ್ಯತ್ವ ಬೇಕು. ದೇಶದ ನಾಲ್ಕು ಅಧಿಕೃತ ಭಾಷೆಗಳ, ಅಂದರೆ ಇಂಗ್ಲಿಷ್, ಚೀನೀ, ಮಲಯ್, ತಮಿಳಿನ ಓದು ಅಲ್ಲಿರುತ್ತದೆ. ಅಜ್ಜಂದಿರು ಪೇಪರ್ ಹಿಡಿದು ಕೂತಿರುತ್ತಾರೆ, ಹುಡುಗರು ಪರೀಕ್ಷೆಗೆ ಓದುತ್ತಿರುತ್ತಾರೆ. ಆರನೇ ಇಯತ್ತೆ ಮುಗಿಸುವ ಹನ್ನೆರಡರ ಮಕ್ಕಳಿಗೂ ಅಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಪಕ್ಕದ ಕಟ್ಟಡದ ಅಂಗಡಿ ಸಾಲಿನಲ್ಲಿ ಟ್ಯೂಷನ್ ಸೆಂಟರ್ ಬೋರ್ಡುಗಳನ್ನು ನೋಡಿದರೆ ಧಾರವಾಡದವರಿಗೆ ಊರಿನ ನೆನಪು ಬಂದೇ ಬರುತ್ತದೆ.

ಗಂಡಸರು ಒಂದು ಸಲ ಎಚ್‌ಡಿಬಿ ಕಟ್ಟಡದ ಕೆಳಗಿನ ಹಳೆಯ ಕಟಿಂಗ್ ಅಂಗಡಿಗೆ ಹೋಗಿ. ಹೊರಡುವ ವಾರ ಊರಿನಲ್ಲಿ ಕೂದಲು ಕತ್ತರಿಸಿಕೊಳ್ಳಬೇಡಿ, ಅಲ್ಲಿಗೆ ಉಳಿಸಿಕೊಳ್ಳಿ. ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಕೂತರೆ ಟ್ಯಾಕ್ಸಿ ಬಾಡಿಗೆಯಿಂದ ಹಿಡಿದು ಮನೆ ಬೆಲೆ ತನಕ ಎಲ್ಲ ಕೇಳಬಹುದು.

ಸಂಜೆ: ಕಟ್ಟಡದ ಕೆಳಗೆ

ಎಚ್‌ಡಿಬಿಯ ಬಹಳಷ್ಟು ಕಟ್ಟಡಗಳ ನೆಲಮಹಡಿಯಲ್ಲಿ ಮನೆಗಳಿಲ್ಲ, ಕಂಬಗಳ ನಡುವೆ ಖಾಲಿ ಬಿಟ್ಟಿರುತ್ತಾರೆ. ಅದಕ್ಕೆ ವಾಯ್ಡ್ ಡೆಕ್ ಅನ್ನುತ್ತಾರೆ. ಕಲ್ಲಿನ ಮೇಜಿನ ಮೇಲೆ ಚೀನೀ ಚದುರಂಗ, ಸುತ್ತ ನಾಲ್ಕು ಜನ ಸಲಹೆಗಾರರು. ನಮ್ಮ ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಇರುವಂತೆ ಅಲ್ಲಿಯೂ ಆಡುವವರಿಗಿಂತ ಹೇಳುವವರೇ ಹೆಚ್ಚು. ಮಲಯರ ಮದುವೆಯೂ ಇಲ್ಲೇ, ಚೀನೀಯರ ಸಾವಿನ ಕಾರ್ಯವೂ ಇಲ್ಲೇ. ಒಂದು ವಾರ ಬಣ್ಣದ ಪರದೆ, ಇನ್ನೊಂದು ವಾರ ಬಿಳಿ ಪರದೆ. ಸಾವಿನ ಮನೆ ಕಂಡರೆ ಫೋನ್ ಜೇಬಿಗೆ ಹಾಕಿ ದೂರದಿಂದ ದಾಟಿ ಹೋಗಿ.

ಕೆಳಗೆ ಕೂರಬಹುದು, ಮೇಲಿನ ಮಹಡಿಗಳಿಗೆ ಲಿಫ್ಟ್ ಹತ್ತಬೇಡಿ. ಅವು ಜನರ ಮನೆಗಳು. ಕಿಟಕಿಯಿಂದ ಬಿದಿರು ಗಳದ ಮೇಲೆ ಒಣ ಹಾಕಿದ ಬಟ್ಟೆಗಳ ಫೋಟೋ ಬೇಕಾದರೆ ಕೆಳಗಿನಿಂದ ತೆಗೆಯಿರಿ, ಮಕ್ಕಳ ಫೋಟೋ ಕೇಳದೆ ಬೇಡ. ಇನ್ನೊಂದು ಮಾತು. ‘ಸ್ಥಳೀಯರ ಹಾಗೇ ಬದುಕಿ ಬನ್ನಿ’ ಅಂತ ಟೂರ್ ಕಂಪನಿಯವರು ಹೇಳುತ್ತಾರಲ್ಲ, ಅದು ಸುಳ್ಳು. ನಾಲ್ಕು ದಿನಕ್ಕೆ ಯಾರೂ ಸ್ಥಳೀಯರಾಗುವುದಿಲ್ಲ. ನೀವು ಅತಿಥಿ, ಅತಿಥಿಯ ಹಾಗೆಯೇ ಇರಿ.

ವಾಟರ್‌ಲೂ ಸ್ಟ್ರೀಟಿಗೆ ಒಂದು ಸಂಜೆ ಹೋಗಿ. ಅಲ್ಲಿ ಕರುಣೆಯ ದೇವಿ ಕ್ವಾನ್ ಇಮ್‌ಳ ಚೀನೀ ಗುಡಿ ಇದೆ, ಅದರ ಹತ್ತಿರದಲ್ಲೇ 1870ರಿಂದ ಇರುವ ಶ್ರೀ ಕೃಷ್ಣನ್ ಗುಡಿ. ಚೀನೀ ಭಕ್ತರು ಆ ಗುಡಿಯಲ್ಲಿ ಕೈಮುಗಿದು, ಹಾಗೇ ಬಂದು ಕೃಷ್ಣನ ಮುಂದೆಯೂ ಊದುಕಡ್ಡಿ ಹಿಡಿದು ನಿಲ್ಲುತ್ತಾರೆ. ಯಾರೂ ಇದನ್ನು ವಿಶೇಷ ಅಂತ ಮಾಡಿಕೊಂಡಿಲ್ಲ.

ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಚೀನೀಯರ ಏಳನೇ ತಿಂಗಳಲ್ಲಿ ಹೋದರೆ ಬಡಾವಣೆಗಳಲ್ಲಿ ಕಾಗದದ ನೋಟು, ಕಾಗದದ ಬಟ್ಟೆ ಸುಡುವುದು ಕಾಣುತ್ತದೆ. ಸತ್ತ ಹಿರಿಯರಿಗೆ ಮುಟ್ಟಲಿ ಅಂತ. ನಮ್ಮ ಪಕ್ಷಮಾಸದ ಬಂಧು ಅನ್ನಬಹುದು. ಬಯಲಿನಲ್ಲಿ ಹಾಡು-ಕುಣಿತದ ಸ್ಟೇಜ್ ಹಾಕಿದ್ದರೆ ನಿಂತು ನೋಡಿ. ಮುಂದಿನ ಸಾಲಿನ ಕುರ್ಚಿ ಖಾಲಿ ಇದ್ದರೂ ಕೂರಬೇಡಿ. ಅವು ಪ್ರೇತಗಳಿಗೆ ಮೀಸಲು.

ಓಡಾಟ

ಟ್ಯಾಕ್ಸಿ ಬಿಟ್ಟು ಮೆಟ್ರೋ, ಬಸ್ ಹಿಡಿಯಿರಿ. ಬ್ಯಾಂಕಿನ ಟ್ಯಾಪ್ ಕಾರ್ಡ್ ಅಲ್ಲೂ ನಡೆಯುತ್ತದೆ, ಹೊರದೇಶದ ಕಾರ್ಡಿಗೆ ಸ್ವಲ್ಪ ಶುಲ್ಕ ಬೀಳುತ್ತದೆ. ಹೆಚ್ಚು ಓಡಾಟ ಇದ್ದರೆ ಅಲ್ಲಿನ ಪ್ರಯಾಣದ ಕಾರ್ಡ್ ಕೊಳ್ಳಿ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ಬೇಡ, 500 ಡಾಲರ್ ತನಕ ದಂಡ ಇದೆ. ಚುರುಮುರಿ ಪೊಟ್ಟಣ ಇಳಿದ ಮೇಲೆ ಬಿಚ್ಚಿ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ.

ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು ಸಿಕ್ಕರೆ ಕೊನೆಯ ಸ್ಟಾಪಿನ ತನಕ ಹೋಗಿ ಬನ್ನಿ. ದುಡ್ಡು ಕೊಟ್ಟು ಹತ್ತುವ ಟೂರ್ ಬಸ್ಸಿಗಿಂತ ಇದು ನನಗೆ ಇಷ್ಟ.

ಭಾನುವಾರ

ಈ ದಿನ ಊರಿನ ಇನ್ನೊಂದು ಮುಖ ಹೊರಗೆ ಬರುತ್ತದೆ. ಕಟ್ಟಡ ಕೆಲಸದ ತಮಿಳರು, ಬಾಂಗ್ಲಾದೇಶದವರು ಸಾವಿರಗಟ್ಟಲೆ ಲಿಟಲ್ ಇಂಡಿಯಾಕ್ಕೆ ಬರುತ್ತಾರೆ. ಮನೆಗೆ ದುಡ್ಡು ಕಳಿಸುತ್ತಾರೆ, ಹುಲ್ಲಿನ ಮೇಲೆ ಕೂತು ಊರಿಗೆ ವಿಡಿಯೊ ಕಾಲ್ ಮಾಡುತ್ತಾರೆ. ಮನೆಕೆಲಸದ ಫಿಲಿಪೈನ್ಸ್ ಹೆಣ್ಣುಮಕ್ಕಳು ಆರ್ಚರ್ಡ್ ರೋಡಿನ ಲಕ್ಕಿ ಪ್ಲಾಜಾ ಸುತ್ತ, ಮ್ಯಾನ್ಮಾರಿನವರು ಪೆನಿನ್ಸುಲಾ ಪ್ಲಾಜಾದಲ್ಲಿ. ಥಳಥಳ ಹೊಳೆಯುವ ಆ ಊರನ್ನು ಕಟ್ಟುವವರು, ಗುಡಿಸುವವರು, ಅಲ್ಲಿನ ಮಕ್ಕಳನ್ನು ಬೆಳೆಸುವವರು ಇವರೇ. ಗುಳೆ ಹೋಗುವವರನ್ನು ಕಂಡ ಗದಗ, ಹಾವೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋಟೋ ಬೇಡ. ಅವರು ಉಣ್ಣುವ ಹೋಟೆಲಿನಲ್ಲಿ ಅವರ ಪಕ್ಕ ಕೂತು ಉಣ್ಣಿ.

ಅದೇ ಭಾನುವಾರ ಬೆಳಿಗ್ಗೆ ಬೇಗ ಎದ್ದರೆ ಆಂಗ್ ಮೊ ಕಿಯೊದ ಕೆಬುನ್ ಬಾರು ಹಕ್ಕಿ ಹಾಡಿನ ಬಯಲಿಗೆ ಹೋಗಿ. ಎತ್ತರದ ಕಂಬಗಳಿಗೆ ಪಂಜರ ಏರಿಸಿ, ಕೆಳಗೆ ಕೂತು ಯಾರ ಹಕ್ಕಿ ಚೆನ್ನಾಗಿ ಹಾಡುತ್ತದೆ ಅಂತ ಕೇಳುತ್ತಾರೆ. ನಮ್ಮ ಕಡೆ ಕಾಣುವ ಕೆಮ್ಮೀಸೆ ಪಿಕಳಾರವನ್ನೂ ಸಾಕಿರುತ್ತಾರೆ. ಹಕ್ಕಿಯನ್ನು ಪಂಜರದಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ, ನಮ್ಮ ದೇಶದಲ್ಲಿ ಇಂಥ ಹಕ್ಕಿಗಳನ್ನು ಸಾಕುವಂತೆಯೂ ಇಲ್ಲ. ಆದರೆ ಆ ಮುದುಕರು ಕಿವಿಗೊಟ್ಟು ಕೂರುವ ರೀತಿ ನೋಡುವಂಥದ್ದು.

ಸಂಜೆ ಮೆಟ್ರೋದಲ್ಲಿ ಹಸಿರು ಯೂನಿಫಾರ್ಮ್ ಹಾಕಿ ದೊಡ್ಡ ಬ್ಯಾಗ್ ಹೊತ್ತ ಹುಡುಗರು ಕಂಡರೆ, ಅವರು ಕಡ್ಡಾಯ ಸೈನಿಕ ಸೇವೆಯವರು. ಮನೆಗೆ ಬಂದು ಉಂಡು, ಮತ್ತೆ ಕ್ಯಾಂಪಿಗೆ ಹೊರಟಿರುತ್ತಾರೆ. ಅಲ್ಲಿನ ಗಂಡು ಮಕ್ಕಳಿಗೆ ಇದು ಎರಡು ವರ್ಷ.

ಮನೆಯವರು ಒಪ್ಪದಿದ್ದರೆ

ಮಕ್ಕಳಿಗೆ ರೋಲರ್ ಕೋಸ್ಟರ್ ಬೇಕು, ಹಿರಿಯರಿಗೆ ನಡೆಯಲು ಆಗುವುದಿಲ್ಲ. ಹಿರಿಯರನ್ನು ಬೆಳಿಗ್ಗೆ ಮಾರ್ಕೆಟ್, ಲೈಬ್ರರಿ, ಕಟ್ಟಡದ ಕೆಳಗಿನ ಕಲ್ಲುಬೆಂಚಿಗೆ ಕರೆದೊಯ್ಯಿರಿ. ಕೂರುವ ಜಾಗ, ಶೌಚಾಲಯ, ಲಿಫ್ಟ್ ಎಲ್ಲ ಹತ್ತಿರ ಇರುತ್ತವೆ. ಪ್ರವಾಸಿ ಜಾಗಗಳ ಉದ್ದ ಸಾಲಿಗಿಂತ ಅವರಿಗೆ ಇದೇ ಸುಖ.

ಟಿಕೆಟ್ ಮಾಡುವಾಗ ಭಾನುವಾರ ಮತ್ತು ಸೋಮವಾರ ಎರಡೂ ಒಳಗೆ ಬರುವಂತೆ ನೋಡಿಕೊಳ್ಳಿ. ಭಾನುವಾರ ಯಾಕೆ ಅಂತ ಹೇಳಿದೆ. ಸೋಮವಾರ ಮಾರ್ಕೆಟಿನ ಅಂಗಡಿಗಳು ಹೇಗೂ ಮುಚ್ಚಿರುತ್ತವೆ, ಅಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಯೂನಿವರ್ಸಲ್ ಸ್ಟುಡಿಯೋಸ್, ಸೆಂಟೋಸಾ, ಮೆರ್ಲಯನ್ ಎಲ್ಲವನ್ನೂ ಅವತ್ತೇ ಮುಗಿಸಿ. ಜೂನ್ ಮತ್ತು ನವೆಂಬರ್-ಡಿಸೆಂಬರ್ ಅಲ್ಲಿನ ಶಾಲೆಗಳಿಗೆ ರಜೆ, ಆಗ ಸೋಮವಾರವೂ ಗದ್ದಲವೇ.